ಸೊಂಟದ ಕೀಲು ಬದಲಿಸಿದ ಮೇಲೆ ನೋವು ನಿಭಾಯಿಸುವುದು ಹೇಗೆ?

ಸೊಂಟದ ಕೀಲು ಬದಲಿ ಆಪರೇಷನ್ ಆದವರನ್ನು ಈಗ ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಕೆಲವೇ ದಿನಗಳಲ್ಲಿ ಮನೆಗೂ ಕಳುಹಿಸುತ್ತಾರೆ. ಆಮೇಲೆ ನೋವು ನೋಡಿಕೊಳ್ಳುವ ಹೊಣೆ ರೋಗಿ ಮತ್ತು ಮನೆಯವರದು. ಕೀಲು ಸವೆದ ಹಳೆಯ ನೋವು ಹೋಗಿರುತ್ತದೆ. ಈಗ ಉಳಿದಿರುವುದು ಗಾಯದ ಮತ್ತು ಸ್ನಾಯುಗಳ ನೋವು. ಮೊದಲ ಒಂದೆರಡು ವಾರ ಹೆಚ್ಚಿದ್ದು, ಕ್ರಮೇಣ ಇಳಿಯುತ್ತದೆ. ನೋವು ಪೂರ್ತಿ ಮಾಯವಾಗಲಿ ಎಂದು ಹಾಸಿಗೆಯಲ್ಲೇ ಕಾಯಬೇಡಿ. ನಡೆಯಲು, ನಿದ್ದೆ ಮಾಡಲು ಅಡ್ಡಿಯಾಗದಷ್ಟಕ್ಕೆ ಇಳಿದರೆ ಸಾಕು.

1. ಮಾತ್ರೆ ಹೊತ್ತಿಗೆ ಸರಿಯಾಗಿರಲಿ

ನೋವು ಏರಿದ ಮೇಲೆ ಮಾತ್ರೆ ನುಂಗಿದರೆ ಇಳಿಸುವುದು ಕಷ್ಟ. ಮೊದಲ ದಿನಗಳಲ್ಲಿ ವೈದ್ಯರು ಬರೆದ ಹೊತ್ತಿಗೇ ತೆಗೆದುಕೊಳ್ಳಿ. ವ್ಯಾಯಾಮಕ್ಕೆ ಅರ್ಧ–ಮುಕ್ಕಾಲು ಗಂಟೆ ಮುಂಚೆ ಒಂದು ಹೊತ್ತಿನ ಮಾತ್ರೆ ಬೀಳುವಂತೆ ಹೊಂದಿಸಿಕೊಳ್ಳಿ. ಯಾವ ಮಾತ್ರೆ, ಎಷ್ಟು ಗಂಟೆಗೆ, ನೋವು ಹತ್ತರಲ್ಲಿ ಎಷ್ಟು ಎಂದು ಬರೆದಿಡಿ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ.

2. ಅಂಗಡಿ ಮಾತ್ರೆ ಸೇರಿಸಬೇಡಿ

ಪ್ಯಾರಸಿಟಮಾಲ್ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ಮೀರಕೂಡದು. ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ವೈದ್ಯರು ಇನ್ನೂ ಕಡಿಮೆ ಕೊಡುತ್ತಾರೆ. ಹಲವು ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು. ಟ್ರಮಡಾಲ್‌ನಿಂದ ತಲೆಸುತ್ತು, ಮಲಬದ್ಧತೆ ಬರುವುದುಂಟು. ಮಲಬದ್ಧತೆ ಆಗದಂತೆ, ವೈದ್ಯರು ಬೇಡ ಎನ್ನದಿದ್ದರೆ ನೀರು ಚೆನ್ನಾಗಿ ಕುಡಿಯಿರಿ. ಸೊಪ್ಪು, ತರಕಾರಿ, ಹಣ್ಣು ಊಟದಲ್ಲಿರಲಿ.

3. ಐಸ್ ಸಾಕು, ಎಣ್ಣೆ ಬೇಡ

ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ದಿನಕ್ಕೆ ನಾಲ್ಕೈದು ಸಲ ಇಡಬಹುದು. ಬ್ಯಾಂಡೇಜ್ ಒದ್ದೆಯಾಗದಿರಲಿ. ಗಾಯದ ಮೇಲೆ ಬಿಸಿನೀರಿನ ಚೀಲ, ನೋವಿನ ಎಣ್ಣೆ ಬೇಡ. ಬಾತುಕೊಂಡ ಕಾಲನ್ನು ನೀವಲೂಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕದಲಬಹುದು.

4. ಸ್ವಲ್ಪ ಸ್ವಲ್ಪವೇ ನಡೆಯಿರಿ

ಒಂದೇ ಸಲ ದೂರ ನಡೆಯುವ ಬದಲು ದಿನದಲ್ಲಿ ಹಲವು ಬಾರಿ ನಾಲ್ಕು ಹೆಜ್ಜೆ ಹಾಕಿ. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ನಡೆದ ಮರುದಿನ ನೋವು, ಊತ ಹೆಚ್ಚಾದರೆ ನಡಿಗೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

5. ಕೂರುವ, ಮಲಗುವ ರೀತಿ

ಕೀಲು ಜಾರದಂತೆ ಕೆಲವು ವಾರ ಎಚ್ಚರ ಬೇಕು. ನೆಲದಲ್ಲಿ ಚಕ್ಕಳಮಕ್ಕಳ ಹಾಕುವುದು, ಕುಕ್ಕರುಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಬೇಡ. ಎತ್ತರದ ಕುರ್ಚಿ, ಎತ್ತರಿಸಿದ ಕಮೋಡ್ ಬಳಸಿ. ಮಗ್ಗುಲಾದಾಗ ಮಂಡಿಗಳ ನಡುವೆ ದಿಂಬಿರಲಿ. ಎಷ್ಟು ವಾರ ಎಂಬುದನ್ನು ನಿಮ್ಮ ಸರ್ಜನ್ ಅವರನ್ನೇ ಕೇಳಿ. ಆಪರೇಷನ್ ಮಾಡಿದ ವಿಧಾನದಂತೆ ಅದು ಬದಲಾಗುತ್ತದೆ.

ತಡಮಾಡಬಾರದ ಲಕ್ಷಣಗಳು

* ಜ್ವರ, ಗಾಯದ ಸುತ್ತ ಕೆಂಪೇರುವಿಕೆ, ಕೀವು
* ಮೀನಖಂಡದಲ್ಲಿ ಹೊಸದಾಗಿ ನೋವು, ಊತ
* ಥಟ್ಟನೆ ತೀವ್ರ ನೋವು, ಕಾಲು ಗಿಡ್ಡವಾದಂತೆ ಅಥವಾ ತಿರುಚಿದಂತೆ ಕಾಣುವುದು
* ಎದೆನೋವು, ಉಸಿರಾಟದ ತೊಂದರೆ

ಮೊದಲೆರಡು ಕಂಡರೆ ಅಂದೇ ಆಸ್ಪತ್ರೆಗೆ ತಿಳಿಸಿ. ಕೊನೆಯ ಎರಡರಲ್ಲಿ ಯಾವುದು ಕಂಡರೂ ಮತ್ತೊಂದು ಮಾತ್ರೆ ನುಂಗಿ ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.