ಬ್ರೇಕ್ ಆಯಿಲಿಗೆ ಇಳಿದ ತೇವ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ಕುಪ್ಪೇಲೂರಿನ ರೈತರಿಗೆ ತೇವದ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಸರಿಯಾಗಿ ಒಣಗದ ಕಾಯಿ ಚೀಲದೊಳಗೆ ಬೂಸಲು ಹಿಡಿದರೆ ಬಣ್ಣವೂ ಹೋಯಿತು, ದರವೂ ಹೋಯಿತು. ಶೆಡ್ಡಿನಲ್ಲಿ ನಿಂತ ಹಳೆಯ ಕಾರಿನ ಬ್ರೇಕು, ಕ್ಲಚ್ಚುಗಳ ಖರ್ಚೂ ಇದೇ ಜಾತಿಯದು. ಓಡಿಸದೆ ನಿಲ್ಲಿಸಿದಷ್ಟೂ ಏರುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಿಂತ ಗಾಡಿಯಲ್ಲಿ ಇದಕ್ಕಿಂತ ದುಬಾರಿ ಹಾನಿಯೆಂದರೆ ತುಕ್ಕು. ಬೀಡಿನ ಸಿಲಿಂಡರಿನ ನುಣುಪಾದ ಒಳಮೈಯಲ್ಲಿ ಗುಳಿ ಬಿದ್ದ ಮೇಲೆ ಹೊಸ ರಬ್ಬರ್ ವಾಷರನ್ನೂ ಆ ಗುಳಿಯ ಅಂಚು ಸವೆಸಿ ಹಾಕುತ್ತದೆ.

ಆದ್ದರಿಂದ ಗುಳಿಬಿದ್ದ ಸಿಲಿಂಡರಿಗೆ ಬರೀ ಹೊಸ ವಾಷರುಗಳ ಕಿಟ್ ಹಾಕಿ ಮುಚ್ಚುವುದು ಉಳಿತಾಯವಲ್ಲ, ಸಾಲ ಎಂದು ನಾನು ವಾದಿಸುತ್ತೇನೆ. ಕಿಟ್ ಅಗ್ಗ ನಿಜ. ಆದರೆ ಬಿಲ್ಲಿನ ದೊಡ್ಡ ಪಾಲು ಬಿಚ್ಚುವ, ಜೋಡಿಸುವ, ಏರ್ ತೆಗೆಯುವ ಕೂಲಿಯದು. ಮತ್ತೆ ಸೋರಿದರೆ ಅಷ್ಟನ್ನೂ ಎರಡನೇ ಸಲ ಕೊಡಬೇಕು. ಸೋರಿದ ಆಯಿಲ್ ಪೇಂಟನ್ನೂ ತಿನ್ನುತ್ತದೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡನ್ನೇ ನೋಡಿ. ಆ ಕಾಲದ ಇಂಥ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ. ಒಂದು ವಾಷರ್ ಕೈಕೊಟ್ಟರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಇಂಥ ಕಡೆ ನಾಲ್ಕು ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರು, ಕ್ಲಚ್ಚಿನ ಎರಡು, ಹಳೆಯ ರಬ್ಬರ್ ಹೋಸ್‌ಗಳು ಎಲ್ಲವನ್ನೂ ಒಮ್ಮೆಲೇ ಬಿಚ್ಚಿ ನೋಡುವುದೇ ಸರಿ. ಗುಳಿಬಿದ್ದದ್ದನ್ನು ಲೇತಿನಲ್ಲಿ ಕೊರೆದು, ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಎಂಬ ಕೊಳವೆ ಕೂರಿಸಿ ಮೊದಲಿನ ಅಳತೆಗೇ ತಂದರೆ ಹಳೆಯ ಅಳತೆಯ ಕಿಟ್ಟೇ ಹೊಂದುತ್ತದೆ, ಆ ಒಳಮೈಗೆ ತುಕ್ಕಿನ ಕಾಟವೂ ಇಲ್ಲ.

ಹೊಸ ಸಿಲಿಂಡರೇ ಸಿಗುವಾಗ ಈ ಉಸಾಬರಿ ಏಕೆ ಎನ್ನುವವರ ಮಾತನ್ನು ಹಳೆಯ ಜೀಪಿನ ಮಟ್ಟಿಗೆ ಒಪ್ಪುತ್ತೇನೆ. ಒಳ್ಳೆಯ ತಯಾರಕರ ಮಾಲು ಸಿಕ್ಕರೆ ಕೊಳ್ಳಬೇಕು. ಹೆಸರಿಲ್ಲದ ಡೂಪ್ಲಿಕೇಟಿಗಿಂತ ಸ್ಲೀವ್ ಹಾಕಿದ ಮೂಲ ಸಿಲಿಂಡರೇ ಮೇಲು. ವಿಂಟೇಜ್ ನೋಂದಣಿಗೆ ಅಡ್ಡಿಯಾದೀತೆ? 2021ರ ನಿಯಮ 50 ವರ್ಷ ದಾಟಿದ ಗಾಡಿಯ ಚಾಸಿ, ಬಾಡಿ, ಎಂಜಿನ್ ಬಹುವಾಗಿ ಬದಲಾಗಬಾರದು ಎನ್ನುತ್ತದೆ. ಸ್ಲೀವ್ ಆ ಗೆರೆಯನ್ನು ದಾಟುವುದಿಲ್ಲ. ನೀರು ಹೀರದ ಸಿಲಿಕೋನ್ ಆಯಿಲ್ ಹಾಕಿದರೆ ಆಯಿತಲ್ಲ ಎಂಬ ಸಲಹೆಗೂ ಆಧಾರವಿದೆ, ಆದರೆ ಅದು ಹಳೆಯ ಆಯಿಲಿನೊಂದಿಗೆ ಬೆರೆಯುವುದಿಲ್ಲ, ಒಳಹೊಕ್ಕ ನೀರು ತಗ್ಗಿನಲ್ಲಿ ಹಾಗೇ ನಿಲ್ಲುತ್ತದೆ. ನನ್ನ ಆಯ್ಕೆ ಎರಡು ವರ್ಷಕ್ಕೊಮ್ಮೆ ಸಾಮಾನ್ಯ ಆಯಿಲನ್ನೇ ಪೂರ್ತಿ ಬದಲಿಸುವುದು. ಕೊಳ್ಳುವಾಗ ಚಿಕ್ಕ ಬಾಟಲಿ ಸಾಕು. ಮುಚ್ಚಳ ತೆರೆದ ಅರ್ಧ ಬಾಟಲಿಯನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ. ಒಂದು ಮಳೆಗಾಲದ ತೇವ ಅಷ್ಟರಲ್ಲಿ ಅದರೊಳಗೂ ಇಳಿದಿರುತ್ತದೆ.