ಕ್ರೀಡಾಂಗಣದ ಹಿಮರಾಶಿ

2024ರ ಜನವರಿಯಲ್ಲಿ ಅಮೆರಿಕದ ಬಫಲೋ ನಗರದ ಬಳಿಯ ಫುಟ್‌ಬಾಲ್ ಕ್ರೀಡಾಂಗಣವು ಹಿಮದಲ್ಲಿ ಹೂತುಹೋಯಿತು. 14ರ ಪಂದ್ಯವು ಮರುದಿನಕ್ಕೆ ಮುಂದೂಡಲ್ಪಟ್ಟಿತು. ಗಂಟೆಗೆ 20 ಡಾಲರು ಕೂಲಿಗೆ ಊರಿನವರೇ ಸಲಿಕೆ ಹಿಡಿದರು. ಇಷ್ಟು ಮುಂದುವರಿದ ನಾಡಿನಲ್ಲಿ ಸಲಿಕೆಯೇ? ಕಾಯಿಸಿ ಕರಗಿಸಬಾರದೇ? ಲೆಕ್ಕ ಹಾಕಿ ನೋಡೋಣ.

ಆಟದ ಬಯಲಿನ ವಿಸ್ತಾರ ಸುಮಾರು 5,350 ಚದರ ಮೀಟರು. ಅದರ ಮೇಲೆ 30 ಸೆಂಟಿಮೀಟರು ಹಿಮವಿದೆಯೆನ್ನೋಣ. ಹೊಸ ಹಿಮವು ಅರಳೆಯಂತೆ ಹಗುರ. ಘನಮೀಟರಿಗೆ 100 ಕಿಲೋಗ್ರಾಂ ಎಂದು ಹಿಡಿದರೂ ಒಟ್ಟು ತೂಕ 160 ಟನ್ನು! ಸೊನ್ನೆ ಡಿಗ್ರಿಯ ಒಂದು ಗ್ರಾಂ ಹಿಮವು ಅದೇ ಉಷ್ಣತೆಯ ನೀರಾಗಲು 80 ಕ್ಯಾಲೊರಿ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಬಯಲೊಂದಕ್ಕೇ ಸುಮಾರು 15,000 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕಾಗುವುದು. ಅಷ್ಟೇ ಹಿಮವನ್ನು 10 ಮೀಟರು ಮೇಲಕ್ಕೆತ್ತುವ ಕೆಲಸಕ್ಕೆ ಐದು ಯೂನಿಟ್ಟೂ ಬೇಡ. ಬಯಲಿನಲ್ಲಿ ಯಂತ್ರಗಳು ಓಡಾಡಬಲ್ಲವು. ಪ್ರೇಕ್ಷಕರ ಮೆಟ್ಟಿಲುಸಾಲುಗಳನ್ನು ಏರಲಾರವು. ಅಲ್ಲಿ ಸಲಿಕೆಯೇ ಗತಿ.