ಕ್ಷಣಿಕ ಕಿರೀಟಗಳು

ಕಿರೀಟವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಸರ ಪಟ್ಟಾಭಿಷೇಕ, ದೇವರ ಉತ್ಸವಮೂರ್ತಿ, ಯಕ್ಷಗಾನದ ರಾಜವೇಷ. ಚಿನ್ನದ್ದಾಗಲಿ ಮರದ್ದಾಗಲಿ, ಇವೆಲ್ಲ ಮನುಷ್ಯನ ಕೈಯಿಂದಾದುವು. ಪೆಟ್ಟಿಗೆಯಲ್ಲಿಟ್ಟು ತಲೆಮಾರುಗಳವರೆಗೆ ಕಾಪಾಡಬಹುದಾದುವು. ಆದರೆ ಯಾವ ಅಕ್ಕಸಾಲಿಗನೂ ಮಾಡದ, ಯಾವ ತಲೆಯನ್ನೂ ಏರದ ಕಿರೀಟಗಳು ಪ್ರಕೃತಿಯಲ್ಲಿವೆ. ತಟ್ಟೆಯಲ್ಲಿರುವ ತೆಳುವಾದ ಹಾಲಿನ ಮೇಲೆ ಒಂದು ಹನಿ ಹಾಲು ಬಿದ್ದಾಗ ಅಂಥದೊಂದು ಕಿರೀಟ ಮೇಲೇಳುತ್ತದೆ. ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಕಾಲ ನಿಂತು ಮಾಯವಾಗುತ್ತದೆ. ಪೂರ್ಣ ಸೂರ್ಯಗ್ರಹಣದ ಹೊತ್ತಿನಲ್ಲಿ ಕಪ್ಪು ಬಿಂಬದ ಸುತ್ತ ಮತ್ತೊಂದು ಕಿರೀಟ ಕಾಣುತ್ತದೆ. ಅದರ ಆಯುಷ್ಯ ಕೆಲವು ನಿಮಿಷ ಮಾತ್ರ. ಮೊದಲನೆಯದು ಕಣ್ಣಿಗೆ ಸಿಕ್ಕದಷ್ಟು ಚಂಚಲ. ಎರಡನೆಯದು ಕಣ್ಣಿಗೇನೋ ಸಿಕ್ಕುತ್ತದೆ, ಆದರೆ ಕಂಡವರೆಲ್ಲ ಅದನ್ನು ಒಂದೇ ಬಗೆಯಾಗಿ ಬಣ್ಣಿಸಲಾರರು. ಇವೆರಡರ ನಿಜಸ್ವರೂಪವನ್ನು ನಮಗೆ ತಿಳಿಸಿಕೊಟ್ಟದ್ದು ಛಾಯಾಚಿತ್ರ.

ಹಾಲಿನ ಕಿರೀಟದ ಕಥೆ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಮೊದಲಾಗುತ್ತದೆ. ರಗ್ಬಿ ಶಾಲೆಯ ಬಾಲಕನೊಬ್ಬನು ಮಸಿ ಹಿಡಿಸಿದ ಗಾಜಿನ ಮೇಲೆ ಆಕಸ್ಮಿಕವಾಗಿ ಬಿದ್ದ ಶಾಯಿಯ ಹನಿಗಳು ವಿಚಿತ್ರವಾದ ಗುರುತುಗಳನ್ನು ಉಳಿಸಿದ್ದನ್ನು ಕಂಡನು. ಬೇರೆಯವರಾಗಿದ್ದರೆ ಗಾಜನ್ನು ಒರೆಸಿಬಿಡುತ್ತಿದ್ದರೇನೋ! ಈ ಸಂಗತಿ ಆರ್ಥರ್ ವರ್ದಿಂಗ್‌ಟನ್ ಎಂಬ ಭೌತವಿಜ್ಞಾನಿಯ ಕಿವಿಗೆ ಬಿದ್ದಿತು. 1875ರ ಸುಮಾರಿಗೆ ಆತನು ಹನಿಗಳ ಅಧ್ಯಯನಕ್ಕೆ ತೊಡಗಿದನು. ಹನಿಯೊಂದು ಬಿದ್ದು ಚಿಮ್ಮುವುದೆಂಬ ಅತ್ಯಲ್ಪ ಸಂಗತಿಗಾಗಿ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲವನ್ನು ಮುಡಿಪಾಗಿಟ್ಟನು.

ಆತನ ವಿಧಾನ ಸರಳವೂ ಹೌದು, ಪ್ರಯಾಸಕರವೂ ಹೌದು. ಕತ್ತಲೆಯ ಕೋಣೆಯಲ್ಲಿ ಒಂದು ಹನಿಯನ್ನು ಬೀಳಿಸಬೇಕು. ಅದು ಬಿದ್ದು ಇಂತಿಷ್ಟೇ ಹೊತ್ತಾದಾಗ ಒಂದು ವಿದ್ಯುತ್ ಕಿಡಿ ಹಾರುವಂತೆ ಮಾಡಬೇಕು. ಕಿಡಿಯ ಬೆಳಕು ಇರುವುದು ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ. ಅಷ್ಟರಲ್ಲಿ ಹನಿ ಅಲುಗಲಾರದು. ಆ ಕ್ಷಣದ ಆಕಾರ ಕಣ್ಣಿನಲ್ಲಿ ಅಚ್ಚೊತ್ತಿದಂತೆ ನಿಲ್ಲುತ್ತದೆ. ಅದು ಮಾಸುವ ಮೊದಲೇ ಕಾಗದದ ಮೇಲೆ ಚಿತ್ರಿಸಬೇಕು. ಅನಂತರ ಮತ್ತೊಂದು ಹನಿ. ಕಿಡಿ ಹಾರುವುದು ಈ ಸಲ ತುಸು ತಡವಾಗಿ. ಮುಂದಿನ ಹಂತದ ಚಿತ್ರ. ಹೀಗೆ ನೂರಾರು ಹನಿಗಳನ್ನು ಬೀಳಿಸಿ, ಒಂದೇ ಹನಿಯ ಜೀವನಚರಿತ್ರೆಯೋ ಎಂಬಂತೆ ಚಿತ್ರಗಳನ್ನು ಸಾಲಾಗಿ ಜೋಡಿಸಿದನು. ಆ ಚಿತ್ರಗಳಲ್ಲಿ ಹನಿಯ ಕಿರೀಟ ಅತ್ಯಂತ ಸುಂದರವಾಗಿತ್ತು. ಅದರ ಅಂಚು ಕೈವಾರದಿಂದ ಎಳೆದ ವೃತ್ತದಂತೆ ದುಂಡಾಗಿತ್ತು. ಮೊನೆಗಳು ಸಮಾನ ಅಂತರದಲ್ಲಿ ನಿಂತಿದ್ದವು.

1894ರಲ್ಲಿ ಆತನು ಅದೇ ಕಿಡಿಯ ಬೆಳಕಿನಲ್ಲಿ ಛಾಯಾಚಿತ್ರಗಳನ್ನು ತೆಗೆಯುವಲ್ಲಿ ಯಶಸ್ವಿಯಾದನು. ಛಾಯಾಫಲಕದ ಮೇಲೆ ಮೂಡಿದ ಕಿರೀಟ ಬೇರೆಯೇ ಆಗಿತ್ತು. ಒಂದು ಪಕ್ಕ ಎತ್ತರ, ಇನ್ನೊಂದು ಪಕ್ಕ ತಗ್ಗು; ಒಂದೆಡೆ ಮೊನೆಗಳು ಒತ್ತಾಗಿ, ಇನ್ನೊಂದೆಡೆ ವಿರಳವಾಗಿ; ಅಲ್ಲಲ್ಲಿ ಹರಿದ ಅಂಚು. ವರ್ದಿಂಗ್‌ಟನ್ ತನ್ನ ಹಳೆಯ ಚಿತ್ರಗಳನ್ನು ಮತ್ತೆ ತೆಗೆದು ನೋಡಿದನು. ಅವುಗಳಲ್ಲಿಯೂ ವಕ್ರವಾದ, ಹೊಂದಿಕೆಯಿಲ್ಲದ ಆಕಾರಗಳು ಎಷ್ಟೋ ಇದ್ದವು! ಕಣ್ಣು ಅವನ್ನು ಕಂಡಿತ್ತು, ಕೈ ಅವನ್ನು ಬರೆದಿತ್ತು. ಆದರೆ ಸಾಲು ಜೋಡಿಸುವಾಗ ಮನಸ್ಸು ಅವನ್ನು ಬದಿಗೆ ತಳ್ಳಿತ್ತು. ಒಂದು ಹನಿಯಲ್ಲಿ ಕಂಡ ಓರೆಕೋರೆ ಇನ್ನೊಂದರಲ್ಲಿ ಅದೇ ರೀತಿ ಮರುಕಳಿಸುವುದಿಲ್ಲವಷ್ಟೆ. ಆದುದರಿಂದ ಅವೆಲ್ಲ ಆಕಸ್ಮಿಕ ದೋಷಗಳು, ದುಂಡಾದ ಕಿರೀಟವೇ ನಿಜವಾದುದು ಎಂಬ ಭಾವನೆ ತಾನಾಗಿಯೇ ಬೆಳೆದಿತ್ತು. ಈ ಮಾತನ್ನು ಆತನು ಮುಚ್ಚಿಡಲಿಲ್ಲ. ತಾನು ಇಷ್ಟು ಕಾಲ ಕಂಡದ್ದು ಮನಸ್ಸು ಕಟ್ಟಿದ ಆದರ್ಶ ಹನಿಯನ್ನು ಎಂದು ವಿದ್ವಾಂಸರ ಮುಂದೆಯೇ ವಿವರಿಸಿದನು. 1908ರಲ್ಲಿ ಪ್ರಕಟವಾದ ಆತನ ದೊಡ್ಡ ಗ್ರಂಥ ತುಂಬ ಛಾಯಾಚಿತ್ರಗಳಿವೆ. ಕಿರೀಟವನ್ನು ಕಂಡದ್ದಕ್ಕಿಂತ ಈ ನಿವೇದನೆಯೇ ಆತನ ದೊಡ್ಡ ಸಾಧನೆಯೆಂದು ನನಗೆ ತೋರುತ್ತದೆ.

ಕಿರೀಟ ಏಕೆ ಮೂಡುತ್ತದೆ? ಬಿದ್ದ ಹನಿ ಕೆಳಗಿನ ತೆಳುಪದರದ ಹಾಲನ್ನು ಸುತ್ತಲೂ ಹೊರಕ್ಕೆ ದೂಡುತ್ತದೆ. ಹೊರಕ್ಕೆ ಹೋಗಲು ತಡೆಯುಂಟಾದಾಗ ಹಾಲು ತೆಳ್ಳನೆಯ ಗೋಡೆಯಾಗಿ ಮೇಲೇಳುತ್ತದೆ. ದ್ರವದ ಮೇಲ್ಮೈ ಎಳೆತ ಆ ಗೋಡೆಯ ಅಂಚನ್ನು ಹಿಂದಕ್ಕೆ ಸೆಳೆದು, ಬಳೆಯಂತೆ ದಪ್ಪಗೊಳಿಸುತ್ತದೆ. ಆದರೆ ದ್ರವದ ಬಳೆ ಬಹಳ ಹೊತ್ತು ಒಂದೇ ದಪ್ಪದಲ್ಲಿ ಇರಲಾರದು. ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಎಳೆ ಕೆಳಗೆ ಹೋದಂತೆ ಹನಿಹನಿಯಾಗಿ ಒಡೆಯುವುದನ್ನು ನೀವು ನೋಡಿದ್ದೀರಿ. ಬಳೆಯೂ ಹಾಗೆಯೇ ಅಲ್ಲಲ್ಲಿ ಉಬ್ಬಿ, ಉಬ್ಬಿದೆಡೆಯಲ್ಲಿ ಮೊನೆಯಾಗಿ ಚಿಮ್ಮಿ, ಮೊನೆಯ ತುದಿಯಲ್ಲಿ ಮುತ್ತಿನಂಥ ಮಣಿಯನ್ನು ಕಳಚುತ್ತದೆ.  ಆಳವಾದ ಹಾಲಿನಲ್ಲಿ ಹನಿ ಬಿದ್ದರೆ ಮೊದಲು ಕುಳಿಯಾಗಿ, ಬಳಿಕ ಅದರ ನಡುವಿನಿಂದ ಒಂದು ಕಂಬ ಮೇಲೇಳುತ್ತದೆ.

ವರ್ದಿಂಗ್‌ಟನ್ ಬಿಟ್ಟ ಕೆಲಸವನ್ನು ಹೊಸ ಸಾಧನಗಳೊಡನೆ ಕೈಗೆತ್ತಿಕೊಂಡವನು ಅಮೆರಿಕದ ಹೆರಾಲ್ಡ್ ಎಡ್ಜರ್ಟನ್. 1903ರಲ್ಲಿ ಹುಟ್ಟಿ, 1990ರಲ್ಲಿ ತೀರಿಕೊಂಡ ಈತನು ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದನು. ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಒಮ್ಮೆಗೇ ಹರಿಸಿ, ಕಣ್ಣು ಕೋರೈಸುವ ಕ್ಷಣಮಾತ್ರದ ಬೆಳಕನ್ನು ಪಡೆಯುವ ದೀಪವನ್ನು ಆತನು ಬಳಕೆಗೆ ತಂದನು. ಕ್ಯಾಮರಾದ ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ಕತ್ತಲಲ್ಲಿ ಬಾಗಿಲು ತೆರೆದೇ ಇರಬಹುದು. ಬೆಳಕು ಎಷ್ಟು ಹೊತ್ತು ಇತ್ತೋ ಅಷ್ಟೇ ಹೊತ್ತಿನ ಚಿತ್ರ ಮೂಡುತ್ತದೆ. ಬೀಳುವ ಹನಿ ಬೆಳಕಿನ ಕಿರಣವೊಂದನ್ನು ಅಡ್ಡಗಟ್ಟಿದೊಡನೆ ದೀಪಕ್ಕೆ ಸೂಚನೆ ಹೋಗುವಂತೆ ಆತನು ಏರ್ಪಾಡು ಮಾಡಿದ್ದನು. ಹೀಗೆ ಹನಿಯೇ ತನ್ನ ಚಿತ್ರವನ್ನು ತೆಗೆಸಿಕೊಳ್ಳುತ್ತಿತ್ತು!

1930ರ ದಶಕದ ಆದಿಯಿಂದ ಎಡ್ಜರ್ಟನ್ ಹಾಲಿನ ಹನಿಗಳನ್ನು ಚಿತ್ರಿಸುತ್ತಲೇ ಬಂದನು. 1937ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಏರ್ಪಡಿಸಿದ ಛಾಯಾಚಿತ್ರ ಪ್ರದರ್ಶನದಲ್ಲಿ ಆತನ ಕಿರೀಟಕ್ಕೂ ಸ್ಥಾನ ಸಿಕ್ಕಿತು. ಲೋಕಪ್ರಸಿದ್ಧವಾದ ಬಣ್ಣದ ಚಿತ್ರ 1957ರದು. ಕೆಂಪು ನೆಲದ ಮೇಲೆ ಅಚ್ಚ ಬಿಳಿಯ ಕಿರೀಟ; ಮೊನೆಮೊನೆಯಲ್ಲೂ ಒಂದೊಂದು ಮಣಿ. ತೀರ ಹೊಂದಿಕೆಯಾದ ಕಿರೀಟವೊಂದು ಸಿಕ್ಕೀತೆಂದು ಆತನು ಕಾಲು ಶತಮಾನ ಪ್ರಯತ್ನಿಸಿದ್ದನು. ಆದರೆ ಈ ಚಿತ್ರದಲ್ಲಿಯೂ ಮೊನೆಗಳ ನಡುವಣ ಅಂತರ ಪೂರ್ತಿಯಾಗಿ ಸಮನಾಗಿಲ್ಲ. ಬಹುಶಃ ಅದರ ಜೀವಂತಿಕೆಗೆ ಅದೂ ಒಂದು ಕಾರಣ.

ಇನ್ನು ಆಕಾಶದ ಕಿರೀಟ. ಲ್ಯಾಟಿನ್ ಭಾಷೆಯಲ್ಲಿ ಕರೋನ ಎಂದರೆ ಕಿರೀಟವೆಂದೇ ಅರ್ಥ. ಸೂರ್ಯನ ಹೊರ ವಾತಾವರಣಕ್ಕೆ ಆ ಹೆಸರು ಬಂದಿದೆ. ಅದರ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು, ಅಂದರೆ ಹೆಚ್ಚುಕಡಮೆ ಹುಣ್ಣಿಮೆಯ ಚಂದ್ರನಷ್ಟು. ಹಗಲಿನ ಪ್ರಖರತೆಯಲ್ಲಿ ಅದು ಕಾಣದು. ಚಂದ್ರನು ಬಿಂಬವನ್ನು ಪೂರ್ತಿಯಾಗಿ ಮುಚ್ಚಿದಾಗ ಮಾತ್ರ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಖಗೋಳಜ್ಞರು ಗ್ರಹಣದ ವೇಳೆ ಲೇಖನಿ ಹಿಡಿದು ಅದನ್ನು ಚಿತ್ರಿಸುತ್ತಿದ್ದರು. ಒಬ್ಬನ ಚಿತ್ರದಲ್ಲಿ ದುಂಡನೆಯ ಉಂಗುರ, ಇನ್ನೊಬ್ಬನದರಲ್ಲಿ ಉದ್ದುದ್ದ ಗರಿಗಳು. ಈ ಕಿರೀಟ ಸೂರ್ಯನದೋ, ಚಂದ್ರನದೋ, ಅಥವಾ ನಮ್ಮ ಗಾಳಿಯಲ್ಲಿಯೇ ಉಂಟಾಗುವ ಭ್ರಮೆಯೋ ಎಂಬ ವಾದ ನಡೆದೇ ಇತ್ತು.

ಕರೋನದ ಮೊದಲ ಛಾಯಾಚಿತ್ರವನ್ನು 1851ರ ಜುಲೈ 28ರಂದು ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಬರ್ಕೋವ್ಸ್ಕಿ ಎಂಬಾತನು ತೆಗೆದನು. ಬೆಳ್ಳಿ ಲೇಪಿಸಿದ ತಗಡಿನ ಮೇಲೆ 84 ಸೆಕೆಂಡುಗಳ ಕಾಲ ಬೆಳಕು ಬಿಟ್ಟು ಪಡೆದ ಒಂದೇ ಒಂದು ಚಿತ್ರವದು. ವಾದವನ್ನು ಬಗೆಹರಿಸಲು ಒಂದೇ ಚಿತ್ರ ಸಾಲದು. ದೂರದೂರದ ಎರಡು ಸ್ಥಳಗಳಿಂದ ತೆಗೆದ ಚಿತ್ರಗಳು ಬೇಕು. ಕಿರೀಟ ನಮ್ಮ ಗಾಳಿಯ ಆಟವಾಗಿದ್ದರೆ ಊರಿಂದೂರಿಗೆ ಅದರ ರೂಪ ಬದಲಾಗಬೇಕು. ಸೂರ್ಯನದಾಗಿದ್ದರೆ ಎಲ್ಲೆಲ್ಲೂ ಒಂದೇ ಆಗಿರಬೇಕು. 1870ರ ಗ್ರಹಣದಲ್ಲಿ ಸಿಸಿಲಿಯಿಂದಲೂ ಸ್ಪೇನಿನಿಂದಲೂ ತೆಗೆದ ಚಿತ್ರಗಳಲ್ಲಿ ಕಿರೀಟದ ಒಂದೇ ಬಿರುಕು ಒಂದೇ ಜಾಗದಲ್ಲಿ ಕಾಣಿಸಿತು. ಮರುವರ್ಷ, 1871ರ ಡಿಸೆಂಬರ್ 12ರಂದು, ಗ್ರಹಣದ ನೆರಳು ದಕ್ಷಿಣ ಭಾರತವನ್ನು ದಾಟಿತು. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಇಂದು ಕೇರಳದಲ್ಲಿರುವ ಬೇಕಲದಲ್ಲಿ ಒಂದು ತಂಡ ಕ್ಯಾಮರಾ ಹೂಡಿತು. ನೀಲಗಿರಿಯ ದೊಡ್ಡಬೆಟ್ಟದಲ್ಲಿ ಇನ್ನೊಂದು. ಕಡಲತೀರದ ಚಿತ್ರವೂ ಬೆಟ್ಟದ ಮೇಲಿನ ಚಿತ್ರವೂ ವಿವರವಿವರದಲ್ಲಿ ಹೊಂದಿಕೊಂಡವು. ಕಿರೀಟ ಸೂರ್ಯನದೇ ಎಂಬುದರಲ್ಲಿ ಸಂದೇಹಕ್ಕೆ ಎಡೆ ಉಳಿಯಲಿಲ್ಲ.

ಛಾಯಾಚಿತ್ರವನ್ನು ಸಹ ಕಣ್ಣುಮುಚ್ಚಿ ನಂಬುವಂತಿಲ್ಲ. ಕಿರೀಟದ ಒಳಭಾಗ ಉಜ್ವಲ, ಹೊರಭಾಗ ಮಂದ. ಬೆಳಕನ್ನು ಅಲ್ಪಕಾಲ ಬಿಟ್ಟರೆ ಗಿಡ್ಡ ಕಿರೀಟ, ಹೆಚ್ಚು ಕಾಲ ಬಿಟ್ಟರೆ ವಿಶಾಲವಾದ ಕಿರೀಟ ಮೂಡುತ್ತದೆ. ಆದ್ದರಿಂದಲೇ ಖಗೋಳಜ್ಞರು ಒಂದೇ ಗ್ರಹಣದಲ್ಲಿ ಬೇರೆ ಬೇರೆ ಅವಧಿಯ ಚಿತ್ರಗಳನ್ನು ತೆಗೆಯುತ್ತಾರೆ. ವರ್ಷಗಳ ಚಿತ್ರಗಳನ್ನು ಹೋಲಿಸಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು: ಸೂರ್ಯಕಲೆಗಳು ಹೆಚ್ಚಾಗಿರುವಾಗ ಕಿರೀಟ ಎಲ್ಲ ದಿಕ್ಕಿಗೂ ಅರಳಿದ ಹೂವಿನಂತಿರುತ್ತದೆ, ಕಡಮೆಯಾದಾಗ ಸೂರ್ಯನ ನಡುಪಟ್ಟಿಯ ಎರಡು ಪಕ್ಕಗಳಿಗೆ ಉದ್ದವಾಗಿ ಚಾಚುತ್ತದೆ. ಈ ಬದಲಾವಣೆಯ ಅವಧಿ ಸುಮಾರು 11 ವರ್ಷ. 1980ರ ಫೆಬ್ರವರಿ 16ರಂದು ಕರ್ನಾಟಕದ ಕಾರವಾರ, ಹುಬ್ಬಳ್ಳಿ, ರಾಯಚೂರು ಕಡೆಗಳಲ್ಲಿ ಪೂರ್ಣಗ್ರಹಣವಾದಾಗ ಕಂಡದ್ದು ಅರಳಿದ ಕಿರೀಟ. ಅಂದು ದೇಶದ ಅನೇಕ ಊರುಗಳಲ್ಲಿ ಜನ ಬಾಗಿಲು ಮುಚ್ಚಿ ಒಳಗೇ ಕುಳಿತಿದ್ದರು. ಹೀಗಾಗಿ ಕಿರೀಟದ ನೆನಪನ್ನು ಉಳಿಸಿಕೊಂಡದ್ದು ಬಹುಮಟ್ಟಿಗೆ ಕ್ಯಾಮರಾಗಳೇ.

ಗ್ರಹಣಕ್ಕಾಗಿ ಕಾಯುವುದನ್ನು ತಪ್ಪಿಸಲು ಫ್ರಾನ್ಸಿನ ಬರ್ನಾರ್ಡ್ ಲಿಯೋ 1930ರಲ್ಲಿ ಒಂದು ದೂರದರ್ಶಕವನ್ನು ನಿರ್ಮಿಸಿದನು. ಅದರೊಳಗಿನ ಪುಟ್ಟ ಬಿಲ್ಲೆಯೊಂದು ಚಂದ್ರನಂತೆ ಸೂರ್ಯಬಿಂಬವನ್ನು ಮರೆಮಾಡುತ್ತದೆ. ಅದೇ ತತ್ತ್ವದ ಮೇಲೆ ಕೆಲಸ ಮಾಡುವ ಉಪಕರಣವೊಂದನ್ನು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ರೂಪಿಸಿತು. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಅದನ್ನು ಹೊತ್ತು ಮೇಲೇರಿ, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆಗೊಂಡಿತು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ, ಅದರಿಂದ ದೂರವಿರುವ ಕಿರೀಟದ್ದು ಹತ್ತು ಲಕ್ಷ ಡಿಗ್ರಿಗೂ ಮಿಗಿಲು. ಒಲೆಗಿಂತ ಒಲೆಯ ಮೇಲಿನ ಗಾಳಿ ಹೆಚ್ಚು ಬಿಸಿಯಾಗಿರುವಂಥ ಈ ವಿಚಿತ್ರಕ್ಕೆ ಪೂರ್ಣವಾದ ವಿವರಣೆ ವಿಜ್ಞಾನಿಗಳಿಗೆ ಇನ್ನೂ ದೊರೆತಿಲ್ಲ. ಬರ್ಕೋವ್ಸ್ಕಿಗೆ ದಕ್ಕಿದ್ದು ಒಂದು ತಗಡು. ಬೆಂಗಳೂರಿನ ಈ ಉಪಕರಣವನ್ನು ದಿನಕ್ಕೆ 1,440 ಚಿತ್ರಗಳನ್ನು, ಎಂದರೆ ನಿಮಿಷಕ್ಕೊಂದರಂತೆ, ಕಳುಹಿಸಬಲ್ಲಂತೆ ರಚಿಸಲಾಗಿದೆ.